ಚಂದ್ರಲೋಕದ ಕ್ಲಾರಿಯೊನೆಟ್ಟು

ಹೊಸನಗರದ ಮದುವೆಯಲ್ಲಿ ಮದುಮಗ ತಾಳಿ ಎತ್ತಿಕೊಂಡ ಗಳಿಗೆಗೆ ಸರಿಯಾಗಿ ಅಂಜನಪ್ಪನ ಕ್ಲಾರಿಯೊನೆಟ್ಟು ‘ಕೀಂಯ್ಕ್’ ಎಂದು ಕಿರುಚಿಕೊಂಡಿತು. ಆದದ್ದು ಇಷ್ಟೇ. ಪುರೋಹಿತರಿಗೆ ಮಂತ್ರ ಎಲ್ಲಿಗೆ ನಿಂತಿತ್ತೆಂಬುದು ಮರೆತುಹೋಯಿತು, ಮದುಮಗಳು ತಲೆ ತಗ್ಗಿಸಿಕೊಂಡು ನಕ್ಕಳು, ಅವಳು ನಕ್ಕದ್ದನ್ನು ಕಂಡು ಅವಳ ಅತ್ತೆ ಮುಖ ಗಂಟಿಕ್ಕಿಕೊಂಡಳು. ಇಷ್ಟು ಸಣ್ಣ ವಿಷಯಕ್ಕೆ ಒಬ್ಬ ಕಲಾವಿದನ ಹೊಟ್ಟೆಯ ಮೇಲೆ ಯಾರಾದರೂ ಹೊಡೆಯುತ್ತಾರೆಯೇ? ಹೊಡೆಯುತ್ತಾರೆ. ಸಾಗರದಲ್ಲಿ ಹೊಡೆಯುತ್ತಾರೆ.

ಭಾನುವಾರ ಬೆಳಿಗ್ಗೆ ಸಾಗರದ ಬ್ಯಾಂಡ್‌ಸೆಟ್ಟಿನ ಯಜಮಾನ ಮಂಜುನಾಥಪ್ಪ ಅಂಜನಪ್ಪನ ಮನೆಯ ಬಾಗಿಲಿಗೇ ಬಂದ. ಹಿಂದೆ ಅವನ ಬಾಮೈದ ಉಮಾಮಹೇಶ್ವರ. ಹಿಂದಿನ ದಿನವಷ್ಟೇ ತೀರ್ಥಹಳ್ಳಿಯಿಂದ ಬಂದಿಳಿದಿದ್ದ ಈ ಯುವಕ ತಲೆಗೆ ಧಾರಾಳವಾಗಿ ಎಣ್ಣೆ ಬಳಿದುಕೊಂಡು, ಒಂದು ಜೊತೆ ಕಂಚಿನ ತಾಳವನ್ನು ಎದೆಗವಚಿಕೊಂಡು ನಿಂತಿದ್ದ.

“ಅಂಜನಪ್ಪಾ, ಇವತ್ತಿಂದ ನೀನು ತಾಳ ಹಾಕು. ಕ್ಲಾರಿಯೊನೆಟ್ಟು ಇವಂಗೆ ಕೊಡು” ಎಂದ ಮಂಜುನಾಥಪ್ಪ.

“ಎಂತಕ್ಕೆ?”

“ಎಂತಕ್ಕೆ ಅಂತ ಹೊಸನಗರಕ್ಕೆ ಹೋಗಿ ಕೇಳು.”

ವಾದ್ಯ ಬ್ಯಾಂಡ್‌ಸೆಟ್ಟಿಗೆ ಸೇರಿದ್ದು, ವಾಪಸು ಕೇಳುವ ಹಕ್ಕು ಯಜಮಾನನಿಗಿತ್ತು. ಆದರೆ ಆ ಕರೀ ಕೊಳವೆಯನ್ನು ದಿನಾ ಒರೆಸಿ, ಮಗುವಿನ ಹಾಗೆ ಬಟ್ಟೆ ಸುತ್ತಿ ಮಲಗಿಸುತ್ತಿದ್ದವನು ಅಂಜನಪ್ಪ. ಅವನಿಗೆ ಮೈಯೆಲ್ಲ ಉರಿದುಹೋಯಿತು.

“ಇವ್ನು ಯಾವತ್ತಾದ್ರೂ ಕ್ಲಾರಿಯೊನೆಟ್ಟು ಊದಿದ್ದಾನಾ?”

“ಕಲೀತಾನೆ. ಶಾಲೇಲಿ ಸ್ಕೌಟಿನ ಸೀಟಿ ಊದಿದ ಅಭ್ಯಾಸ ಇದೆ.”

ಪಕ್ಕದ ಮನೆಯ ಜಲಜಮ್ಮ ಬೇಲಿಯಾಚೆಯಿಂದ ತಲೆ ಎತ್ತಿದಳು. ಈ ಬೀದಿಯಲ್ಲಿ ಯಾರ ಮನೆಯ ವಿಷಯವಾದರೂ ಜಲಜಮ್ಮನ ಅಭಿಪ್ರಾಯವಿಲ್ಲದೆ ಮುಗಿಯುವಂತಿಲ್ಲ. “ಒಳ್ಳೇ ಕೆಲ್ಸ ಮಾಡಿದ್ರಿ ಮಂಜುನಾಥಪ್ಪ. ಇಂವ ಕೀಂಯ್ಕ್ ಅನ್ಸಿದಾಗೆಲ್ಲ ನಮ್ಮ ಎಮ್ಮೆ ಹಗ್ಗ ಹರ್ಕಂಡು ಓಡ್ತದೆ ಮಾರಾಯ್ರೆ. ಹಾಲು ಇಳಿಸೋದೂ ಬಿಟ್ಟಿದೆ.”

“ಜಲಜಕ್ಕ, ನಿಮ್ಮ ಎಮ್ಮೆಗೆ ಸಂಗೀತ ಗೊತ್ತಿಲ್ದಿದ್ರೆ ಅದು ನನ್ನ ತಪ್ಪಾ?” ಅಂಜನಪ್ಪ ಜಗಲಿಯಿಂದ ಅಂಗಳಕ್ಕೇ ಇಳಿದ. “ನಾನು ಮದರಾಸಿನ ಸ್ಟುಡಿಯೋದಲ್ಲಿ ಊದಿದೋನು! ಚಂದ್ರಲೋಕದ ಪಿಚ್ಚರಿಗೆ! ಸಾಲು ಸಾಲು ಪಿಟೀಲು, ತುತ್ತೂರಿ, ಅದ್ರ ಮಧ್ಯೆ ನನ್ನ ಕ್ಲಾರಿಯೊನೆಟ್ಟು! ರಾಕೆಟ್ಟು ಭೂಮಿ ಬಿಟ್ಟು ಮೇಲೆ ಹೋಗುವಾಗ ಬೇರೆ ಎಲ್ಲಾ ವಾದ್ಯ ತಗ್ಗಿಸಿ ನನ್ನೊಬ್ಬನ ಹತ್ರ ಊದಿಸಿದ್ರು. ಅಂಥವ್ನ ಕೈಗೆ ತಾಳ ಕೊಡ್ತೀರಾ?”

ಈ ಚಂದ್ರಲೋಕದ ಕತೆಯನ್ನು ಬೀದಿ ಕೇಳಿ ಕೇಳಿ ಬೇಸತ್ತಿತ್ತು. ಅಷ್ಟು ದೊಡ್ಡ ಕಲಾವಿದ ಮದರಾಸು ಬಿಟ್ಟು ಬಂದದ್ದೇಕೆ ಎಂದರೆ ಅಲ್ಲಿಯ ನೀರು ಒಗ್ಗಲಿಲ್ಲ ಎನ್ನುತ್ತಿದ್ದ. ಪಿಚ್ಚರಿನ ಹೆಸರೇನೆಂದರೆ ತಮಿಳು ಹೆಸರು, ನಿಮ್ಮ ಬಾಯಿಗೆ ಬರುವುದಿಲ್ಲ ಎನ್ನುತ್ತಿದ್ದ.

ಅಷ್ಟರಲ್ಲಿ ಬೀದಿಯ ತುದಿಯಿಂದ ಡೋಲಿನ ಸದ್ದು ಬಂತು. ಟಾಕೀಸಿನ ಎತ್ತಿನಗಾಡಿ. ಬ್ಯಾಂಡಿನಲ್ಲಿ ಡೋಲು ಬಡಿಯುವ ದುಗ್ಗಪ್ಪ ಮದುವೆ ಇಲ್ಲದ ದಿನಗಳಲ್ಲಿ ಈ ಗಾಡಿಯಲ್ಲಿ ಕೂತು ಬಡಿಯುತ್ತಿದ್ದ. ಗಾಡಿಗೆ ಕಟ್ಟಿದ್ದ ಬಣ್ಣದ ಪೋಸ್ಟರಿನಲ್ಲಿ ಒಂದು ರಾಕೆಟ್ಟು, ಒಬ್ಬಳು ಹೆಂಗಸು, ಹಣೆಯ ಮಧ್ಯೆ ಒಂದೇ ಕಣ್ಣಿದ್ದ ಒಂದು ಪ್ರಾಣಿ.

“ಬನ್ನಿ, ನೋಡಿ! ಚಂದ್ರಲೋಕದ ಸಾಹಸ! ಇವತ್ತೊಂದೇ ದಿನ! ಮಧ್ಯಾಹ್ನದ ಆಟ!” ಎಂದು ಕೂಗಿದ ದುಗ್ಗಪ್ಪ ಅಂಜನಪ್ಪನನ್ನು ಕಂಡು ಕೋಲು ನಿಲ್ಲಿಸಿದ. “ಅಂಜನಪ್ಪಾ, ನೀನು ಬಡ್ಕಳ್ತಿದ್ದದ್ದು ಇದೇ ಅಲ್ದನಾ?”

ಅಂಜನಪ್ಪ ಪೋಸ್ಟರನ್ನೇ ನೋಡುತ್ತ ನಿಂತ. ಅದೇ ರಾಕೆಟ್ಟು. ದೇವರೇ ಗಾಡಿ ಕಟ್ಟಿಸಿ ಕಳುಹಿಸಿದ್ದಾನೆ ಎನ್ನಿಸಿತು.

“ಇದೇ! ಬನ್ನಿ ಯಜಮಾನ್ರೆ, ಈಗ್ಲೇ ಪರೀಕ್ಷೆ ಆಗ್ಲಿ. ಪಿಚ್ಚರಲ್ಲಿ ನನ್ನ ವಾದ್ಯ ಕೇಳಿಸಿದ್ರೆ ಕ್ಲಾರಿಯೊನೆಟ್ಟು ನನ್ಹತ್ರ ಇರ್ಬೇಕು. ಕೇಳಿಸ್ದಿದ್ರೆ ನಾನೇ ತಾಳ ಹಿಡೀತೀನಿ.”

“ಆಯ್ತು. ಅದ್ನೂ ಒಂದು ನೋಡೇಬಿಡಾಣ” ಎಂದ ಮಂಜುನಾಥಪ್ಪ. “ಕ್ಲಾರಿಯೊನೆಟ್ಟು ತಗಂಡೇ ಬಾ.”

ಮಧ್ಯಾಹ್ನ ಇಡೀ ಬೀದಿ ಟಾಕೀಸಿಗೆ ಹೊರಟಿತು. ಅಂಜನಪ್ಪ ಜರಿಪಟ್ಟಿಯ ಬ್ಯಾಂಡಿನ ಕೋಟು ಹಾಕಿಕೊಂಡು, ವಾದ್ಯದ ಪೆಟ್ಟಿಗೆ ಹಿಡಿದು ಮುಂದೆ ನಡೆದ. ಉಮಾಮಹೇಶ್ವರ ತಾಳ ಹೊತ್ತುಕೊಂಡು ಹಿಂದೆ ಬಂದ. ಜಲಜಮ್ಮ ಹುರಿದ ಹಲಸಿನ ಬೀಜ ಕಟ್ಟಿಕೊಂಡು ಎಲ್ಲರ ಮಧ್ಯೆ ಬಂದಳು.

ಪಿಚ್ಚರು ಶುರುವಾಗಿ ಹೆಸರುಗಳು ಬರತೊಡಗಿದವು. ಎಲ್ಲ ತಮಿಳು.

“ನಿನ್ನ ಹೆಸ್ರು ಯಾವ್ದು? ಆ ಜಿಲೇಬಿ ತರದ್ದಾ?” ಎಂದಳು ಜಲಜಮ್ಮ.

“ನಮ್ಮ ಹೆಸ್ರು ಹಾಕೋದಿಲ್ಲ ಜಲಜಕ್ಕ. ಸಂಗೀತ ನಿರ್ದೇಶಕರದ್ದು ಮಾತ್ರ ಹಾಕ್ತಾರೆ.”

“ಹೆಸ್ರೇ ಇಲ್ಲಂತೆ!” ಎಂದು ಹಿಂದಿನ ಸಾಲಿಗೆ ವರದಿ ಹೋಯಿತು.

ಅಂಜನಪ್ಪ ಹಲ್ಲು ಕಚ್ಚಿಕೊಂಡು ಕೂತ. ಕೊನೆಗೂ ರಾಕೆಟ್ಟಿನ ಬುಡದಲ್ಲಿ ಹೊಗೆ ಎದ್ದಿತು. ಪಿಟೀಲುಗಳು ಒಂದರ ಹಿಂದೊಂದು ಮೇಲೇರಿದವು, ತುತ್ತೂರಿಗಳು ಸೇರಿಕೊಂಡವು, ಯಾರೋ ತಗಡು ಅಲ್ಲಾಡಿಸಿ ಗುಡುಗು ಎಬ್ಬಿಸಿದರು. ಅಂಜನಪ್ಪ ಕತ್ತು ಮುಂದೆ ಚಾಚಿದ. ಇನ್ನೇನು ಗದ್ದಲವೆಲ್ಲ ತಗ್ಗಿ, ಹುಟ್ಟಿದ ಭೂಮಿಯನ್ನು ಬಿಟ್ಟು ಹೋಗುವವರ ಸಂಕಟವನ್ನೆಲ್ಲ ಅವನ ಕ್ಲಾರಿಯೊನೆಟ್ಟು ಒಂದೇ ಉಸಿರಿನಲ್ಲಿ ಹೇಳಬೇಕು. ಆ ಸ್ವರಗಳನ್ನು ಅವನು ಇಷ್ಟು ವರ್ಷ ಮನಸ್ಸಿನಲ್ಲೇ ಗುನುಗಿಕೊಂಡು ಬಂದಿದ್ದ. ವಾದ್ಯಗಳು ತಗ್ಗಿದವು.

“ಬಂತು! ಈಗ ಕೇಳಿ!” ಎಂದ ಅಂಜನಪ್ಪ.

“ಎಲ್ಲಿ?” ಎಂದ ಮಂಜುನಾಥಪ್ಪ.

“ಯಾವ್ದು, ಆ ಡೋಲಾ?” ಎಂದ ದುಗ್ಗಪ್ಪ.

“ಎಂತ ಬಂತು? ನಂಗೆಂತ ಕೇಳ್ಲಿಲ್ಲಪ್ಪ” ಎಂದಳು ಜಲಜಮ್ಮ ಹಲಸಿನ ಬೀಜ ಕಟಕಟ ಕಡಿಯುತ್ತ.

ರಾಕೆಟ್ಟು ಹಾರಿದ ಖುಷಿಗೆ ನೆಲದಲ್ಲಿ ಕೂತವರು ಸಿಳ್ಳೆ ಹೊಡೆದು ಟವೆಲ್ಲು ಬೀಸಿದರು. ಆ ಸಿಳ್ಳೆ ನಿಲ್ಲುವಷ್ಟರಲ್ಲಿ ಕ್ಲಾರಿಯೊನೆಟ್ಟು ಮುಗಿದು ಪಿಟೀಲು ಶುರುವಾಗಿತ್ತು.

“ಈಗ ಆಗಿ ಹೋಯ್ತಲ್ರೀ! ನೀವು ಮಾತಾಡ್ತಿದ್ರಿ!” ಅಂಜನಪ್ಪ ಎದ್ದು ನಿಂತ. “ಬಾಯಿ ಮುಚ್ಚಿ ಕೂರೋಕೆ ಬರಲ್ವಾ ನಿಮಗೆ? ದನ ಕಾಯೋಕೆ ಹೋಗಿ! ಸಂಗೀತ ಕೇಳೋ ಯೋಗ್ಯತೆ ಇಲ್ಲ ನಿಮಗೆ!”

ಗೇಟಿನವನು ಟಾರ್ಚು ಬಿಟ್ಟ. “ಏಯ್ ಜರಿಕೋಟು, ಕೂರ್ತೀಯೋ ಹೊರಗೆ ಹಾಕ್ಲೋ?”

ಬೇರೆಯವರು ಸಿಳ್ಳೆ ಹೊಡೆಯಬಹುದು, ಬೀಜ ಕಡಿಯಬಹುದು. ನುಡಿಸಿದವನೇ ಎದ್ದು ಕೇಳಿರೆಂದರೆ ಅಪರಾಧ! ಅಂಜನಪ್ಪ ಕುದಿಯುತ್ತ ಕುಳಿತ. ಮಂಜುನಾಥಪ್ಪ ಸದ್ದಿಲ್ಲದೆ ಕೈ ಚಾಚಿ ವಾದ್ಯದ ಪೆಟ್ಟಿಗೆಯನ್ನು ತನ್ನ ತೊಡೆಯ ಮೇಲಕ್ಕೆ ಎಳೆದುಕೊಂಡ.

ರಾಕೆಟ್ಟು ಚಂದ್ರನ ಮೇಲೆ ಇಳಿಯಿತು. ವಾದ್ಯಗಳೆಲ್ಲ ಒಟ್ಟಿಗೆ ಮೊರೆದು, ಕತ್ತರಿಸಿದ ಹಾಗೆ ನಿಂತವು. ಈ ಮೌನ ಅಂಜನಪ್ಪನಿಗೆ ಚೆನ್ನಾಗಿ ನೆನಪಿತ್ತು. ಮದರಾಸಿನ ಆ ಹಾಲಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ, ಇದೇ ಮೌನದಲ್ಲಿ ಅವನ ಕ್ಲಾರಿಯೊನೆಟ್ಟು ಒಂದು ಸಲ ಕಿರುಚಿತ್ತು. ಸಂಗೀತ ನಿರ್ದೇಶಕರು ಕೈಯಲ್ಲಿದ್ದ ಕೋಲಿನಿಂದಲೇ ಅವನಿಗೆ ಬಾಗಿಲು ತೋರಿಸಿದ್ದರು. ನೀರು ಒಗ್ಗದೇ ಹೋದದ್ದು ಅವತ್ತಿನಿಂದ. ಆ ಕೀಚಲನ್ನು ಪಿಚ್ಚರಿನಿಂದ ಖಂಡಿತ ತೆಗೆದು ಹಾಕಿರುತ್ತಾರೆಂದು ಅವನು ನಂಬಿದ್ದ.

ಪರದೆಯ ಮೇಲೆ ಬಂಡೆಯ ಹಿಂದಿನಿಂದ ಒಕ್ಕಣ್ಣಿನ ಪ್ರಾಣಿ ಎದ್ದು ನಿಂತು ಬಾಯಿ ತೆರೆಯಿತು.

‘ಕೀಂಯ್ಕ್!’

“ಅಯ್ಯಯ್ಯೋ!” ಜಲಜಮ್ಮ ಬೀಜದ ಗಂಟು ಕೆಳಗೆ ಹಾಕಿದಳು. “ಇದು ನಮ್ಮ ಅಂಜನಪ್ಪ!”

“ಹೌದು! ಅಂಜನಪ್ಪಂದೇ!” ಎಂದು ಬೀದಿಗೆ ಬೀದಿಯೇ ಎದ್ದು ನಿಂತಿತು. ಮುಂದೆ ಆ ಪ್ರಾಣಿ ಬಾಯಿ ತೆರೆದಾಗಲೆಲ್ಲ ಜನ “ಅಂಜನಪ್ಪಾ!” ಎಂದು ಕೂಗಿದರು. ನಾಯಕ ಅದನ್ನು ಬಂದೂಕಿನಿಂದ ಸುಟ್ಟಾಗ ಇಬ್ಬರು ಅತ್ತರು.

ಆಟ ಬಿಟ್ಟ ಮೇಲೆ ಟಾಕೀಸಿನ ಅಂಗಳದಲ್ಲಿ ಜನ ಅಂಜನಪ್ಪನನ್ನು ಸುತ್ತುಗಟ್ಟಿದರು. ಮಂಜುನಾಥಪ್ಪನ ಮುಖ ಹೊಸ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ಪೆಟ್ಟಿಗೆಯನ್ನು ಅವನೇ ಅಂಜನಪ್ಪನ ಕೈಗಿಟ್ಟ.

“ತಗಾ ಮಾರಾಯಾ, ಇದು ನಿಂದೇ. ಇನ್ನು ಪ್ರತಿ ಮದ್ವೇಲೂ ತಾಳಿ ಕಟ್ಟಿದ ಕೂಡ್ಲೆ ಚಂದ್ರಲೋಕದ ಪ್ರಾಣಿ ಕೂಗ್ಬೇಕು. ತೀರ್ಥಹಳ್ಳಿ ತನಕ ಬೇರೆ ಬ್ಯಾಂಡಿನೋರಿಗೆ ಮದ್ವೆ ಸಿಕ್ಕಿದ್ರೆ ಕೇಳು!”

ಅಂಜನಪ್ಪನಿಗೆ ಸಿಟ್ಟು ನೆತ್ತಿಗೇರಿತು. ಜೀವ ಬಸಿದು ನುಡಿಸಿದ್ದನ್ನು ಒಬ್ಬನೂ ಕೇಳಿಸಿಕೊಳ್ಳಲಿಲ್ಲ. ಕೈತಪ್ಪಿ ಆದದ್ದು ಊರಿಗೆಲ್ಲ ಬಾಯಿಪಾಠ! ಆದರೂ ಪೆಟ್ಟಿಗೆ ಕೈಗೆ ಬಂದಿತ್ತು. ಅದಕ್ಕಿಂತ ದೊಡ್ಡದೇನಿದೆ ಎಂದು ಸಿಟ್ಟು ನುಂಗಿಕೊಂಡ.

“ಒಂದ್ಸಲ ಕೂಗ್ಸು, ಎಲ್ರೂ ಕೇಳ್ಲಿ” ಎಂದ ಮಂಜುನಾಥಪ್ಪ.

ಅಂಜನಪ್ಪ ವಾದ್ಯ ಜೋಡಿಸಿ ತುಟಿಗಿಟ್ಟು ಊದಿದ. ಜೇನಿನಂಥ ಸ್ವರ ಬಂತು.

“ಅದಲ್ಲ, ಕೀಂಯ್ಕ್!”

ಊದುವ ತುದಿಯ ರೀಡಿನ ಪಟ್ಟಿ ಒಣಗಿಸಿ ಊದಿದ. ಒದ್ದೆ ಮಾಡಿ ಊದಿದ. ಕಚ್ಚಿ ಊದಿದ, ಕೆನ್ನೆ ಉಬ್ಬಿಸಿ ಊದಿದ. ತಪ್ಪಿಸಬೇಕೆಂದಾಗಲೆಲ್ಲ ಬರುತ್ತಿದ್ದ ಕೀಚಲು ಬೇಕೆಂದು ಕರೆದರೆ ಬರಲೊಲ್ಲದು! ಕೊನೆಗೆ ದುಃಖಕ್ಕೋ ರೋಷಕ್ಕೋ ಅವನ ಬೆರಳುಗಳು ತಾವಾಗಿಯೇ ರಾಕೆಟ್ಟಿನ ಆ ಸ್ವರಗಳ ಮೇಲೆ ಓಡಿದವು. ಹುಟ್ಟಿದ ನೆಲ ಬಿಟ್ಟು ಹೋಗುವವರ ಸಂಕಟವೆಲ್ಲ ಟಾಕೀಸಿನ ಅಂಗಳದಲ್ಲಿ ತುಂಬಿತು. ಮದರಾಸಿನಲ್ಲೂ ಅವನು ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ. ಇದೇ ಸಾಕ್ಷಿ, ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂಬಂತೆ ಕಣ್ಣು ತೆರೆದು ನೋಡಿದ.

“ಇದು ಪಿಚ್ಚರಲ್ಲಿ ಎಲ್ಲಿತ್ತು?” ಎಂದು ಕೇಳಿದಳು ಜಲಜಮ್ಮ.

“ಎಲ್ಲೂ ಇರ್ಲಿಲ್ಲ” ಎಂದ ದುಗ್ಗಪ್ಪ. “ಪಿಚ್ಚರಲ್ಲಿ ಊದಿದೋನು ಯಾರೋ ದೊಡ್ಡ ವಿದ್ವಾಂಸ. ಇಂವ ಅವ್ನ ಹೆಸ್ರಲ್ಲಿ ಮೆರೀತಿದ್ದಾನೆ ಅಷ್ಟೇ.”

“ಸುಳ್ಳುಬುರುಕ!” ಎಂದು ಗುಂಪಿನಲ್ಲಿ ಯಾರೋ ಕೂಗಿದರು. ಮಂಜುನಾಥಪ್ಪ ಕ್ಲಾರಿಯೊನೆಟ್ಟನ್ನು ಕಿತ್ತುಕೊಂಡು ಬಾಮೈದನ ಕೈಗೆ ಕೊಟ್ಟ. ಅವನ ಎದೆಯ ಮೇಲಿದ್ದ ತಾಳ ಅಂಜನಪ್ಪನ ಎದೆಗೆ ಬಂತು.

ಉಮಾಮಹೇಶ್ವರ ವಾದ್ಯವನ್ನು ತಿರುಗಿಸಿ ನೋಡಿದ. ಯಾವ ತುದಿಗೆ ಬಾಯಿಡಬೇಕೆಂದು ಭಾವನನ್ನು ಕೇಳಿ ತಿಳಿದುಕೊಂಡ. ಸ್ಕೌಟಿನ ಸೀಟಿ ಊದುವ ಹಾಗೆ ಎದೆ ತುಂಬ ಉಸಿರೆಳೆದು ಒಂದೇ ಸಲ ಊದಿದ.

‘ಕೀಂಯ್ಕ್!’

“ಇದೇ! ಇದೇ!” ಅಂಗಳ ಗುಲ್ಲೆದ್ದಿತು. “ಪಿಚ್ಚರಲ್ಲಿ ಊದಿದೋನು ಇವ್ನೇ!”

“ಅವ್ನು ಭದ್ರಾವತಿ ದಾಟಿ ಆಚೆ ಹೋದೋನಲ್ಲ!” ಅಂಜನಪ್ಪ ಗಂಟಲು ಹರಿಯುವಂತೆ ಕಿರುಚಿದ. “ಕೇಳಿ ಬೇಕಾದ್ರೆ! ಯಜಮಾನ್ರೆ, ನೀವಾದ್ರೂ ಹೇಳಿ!”

ಮಂಜುನಾಥಪ್ಪ ಆಕಾಶ ನೋಡಿದ. ಮುಂದಿನ ಮದುವೆಗಳು ಅವನ ಕಣ್ಣ ಮುಂದೆ ಸಾಲಾಗಿ ಬರುತ್ತಿದ್ದವು. “ದೊಡ್ಡೋರು ತಾವು ದೊಡ್ಡೋರು ಅಂತ ಹೇಳ್ಕಂಡು ತಿರುಗಲ್ಲ ಅಂಜನಪ್ಪ” ಎಂದ.

ಜನ ಉಮಾಮಹೇಶ್ವರನನ್ನು ಹೆಗಲ ಮೇಲೆ ಕೂರಿಸಿಕೊಂಡರು. ದುಗ್ಗಪ್ಪ ಗಾಡಿಯಿಂದ ಡೋಲು ಇಳಿಸಿ ಬಡಿಯತೊಡಗಿದ. ಮೇಲೆ ಕೂತವನು ದಾರಿಯುದ್ದಕ್ಕೂ ಕೀಂಯ್ಕ್ ಕೀಂಯ್ಕ್ ಎನ್ನಿಸುತ್ತ ಹೋದ. “ತಾಳ ಹಾಕಾ ಅಂಜನಪ್ಪ!” ಎಂದು ಮಂಜುನಾಥಪ್ಪ ಗದರಿದ ಮೇಲೆ ಅಂಜನಪ್ಪ ಆ ಎರಡು ಕಂಚಿನ ತಟ್ಟೆಗಳನ್ನು, ಯಾರ ತಲೆಯನ್ನೋ ನಡುವೆ ಇಟ್ಟುಕೊಂಡವನಂತೆ, ಹಲ್ಲು ಕಚ್ಚಿ ಬಡಿಯುತ್ತ ಹಿಂದೆ ನಡೆದ.

ಬೀದಿಯ ತಿರುವಿನಲ್ಲಿ ಹಗ್ಗ ಹರಿದುಕೊಂಡು ಜಲಜಮ್ಮನ ಎಮ್ಮೆ ಎದುರಿಗೆ ಓಡಿಬಂತು. ಜಲಜಮ್ಮ ಅದಕ್ಕೆ ದಾರಿ ಬಿಟ್ಟು, ಅಂಜನಪ್ಪನ ಜರಿಕೋಟಿನ ತೋಳು ಹಿಡಿದು ಸಮಾಧಾನ ಹೇಳಿದಳು.

“ಹೋಗ್ಲಿ ಬಿಡು ಅಂಜನಪ್ಪ. ಬೇಜಾರು ಮಾಡ್ಕಬೇಡ. ನಿಂಗೂ ಒಂದ್ಸಲ ಮದರಾಸಿಗೆ ಹೋಗೋ ಯೋಗ ಬಂದ್ರೆ, ಹೀಗೆ ಊದೋದು ಕಲ್ತ್ಕಂಡು ಬರ್ಬಹುದು.”