ಮನಸ್ಸಿನ ಪಾಠ, ಬಸ್ಸಿನ ಓಟ

ಮನಸ್ಸು ಹೇಗೆಲ್ಲ ಮೋಸ ಮಾಡ್ತದೆ ಅಂತ ಊರಿಗೆಲ್ಲ ಪಾಠ ಹೇಳುವವಳನ್ನು ಆ ಮನಸ್ಸು ಸುಮ್ಮನೆ ಬಿಡ್ತದಾ ಹೇಳಿ? ನನ್ನನ್ನಂತೂ ಬಿಟ್ಟಿಲ್ಲ. ನಾನು ಮನಃಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಕೂರಿಸಿ ಚಾ ಕೊಡ್ತಾರೆ ಅಂತ ತಿಳಿಯಬೇಡಿ. ವಾರದ ಮೊದಲಿಗೆ ಬಂಟ್ವಾಳ, ನಡುವಿಗೆ ಬೆಳ್ತಂಗಡಿ, ಕೊನೆಗೆ ಮೂಡುಬಿದಿರೆ, ಹೀಗೆ ಮೂರು ಊರಿನ ಮೂರು ಕಾಲೇಜಿಗೆ ಓಡುವುದೇ ನನ್ನ ಉದ್ಯೋಗ. ಮನೆ ಪುಂಜಾಲಕಟ್ಟೆಯಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಯಾವ ಕಡೆಯ ಬಸ್ಸು ಅಂತ ನೆನಪು ಮಾಡಿಕೊಳ್ಳಬೇಕು. ಬಂಟ್ವಾಳದ ಬಸ್ಸು ಹತ್ತಿ ಬೆಳ್ತಂಗಡಿಗೆ ಟಿಕೆಟ್ ಕೇಳಿ ಕಂಡಕ್ಟರನಿಂದ ಬೈಸಿಕೊಂಡದ್ದೂ ಉಂಟು.

ಕಳೆದ ವರ್ಷ ಮೂಡುಬಿದಿರೆಯ ಕಾಲೇಜಿನಲ್ಲಿ ಒಂದು ಖಾಯಂ ಹುದ್ದೆ ಖಾಲಿಯಾಯಿತು. ಅದು ಸಿಕ್ಕಿದರೆ ಒಂದೇ ಊರು, ಒಂದೇ ಸ್ಟಾಫ್ ರೂಮು, ನನ್ನದು ಅಂತ ಒಂದು ಕುರ್ಚಿ. ಆಡಳಿತ ಮಂಡಳಿಯ ಸಂಚಾಲಕರು ನನ್ನ ಒಂದು ಪಾಠ ನೋಡಿ ತೀರ್ಮಾನ ಮಾಡ್ತಾರೆ, ಯಾವ ದಿನ ಅಂತ ಅವರೇ ಫೋನ್ ಮಾಡಿ ತಿಳಿಸ್ತಾರೆ ಅಂತ ಸುದ್ದಿ ಬಂತು. ಅಲ್ಲಿಗೆ ನನ್ನ ಮಂಡೆಬಿಸಿ ಸುರು. ಕೂತಲ್ಲಿ ಕೂರಲಿಕ್ಕಾಗುವುದಿಲ್ಲ, ನಿಂತಲ್ಲಿ ನಿಲ್ಲಲಿಕ್ಕಾಗುವುದಿಲ್ಲ. ಆ ದಿನಗಳ ಫಜೀತಿಯನ್ನೇ ಈಗ ಹೇಳುವುದು.

ಬ್ಯಾಗ್ ನಡುಗಿತು

ಬೆಳ್ತಂಗಡಿಯ ಬಸ್ಸು. ಮಡಿಲಲ್ಲಿ ಬ್ಯಾಗ್, ಬ್ಯಾಗಿನಲ್ಲಿ ಫೋನ್. ಪಾಠದ ಹೊತ್ತಿನಲ್ಲಿ ಕಿರುಚಬಾರದು ಅಂತ ಸದ್ದು ತೆಗೆದಿಟ್ಟಿದ್ದೆ, ಕರೆ ಬಂದರೆ ಬರೀ ನಡುಗ್ತದೆ. ಬಸ್ಸು ಹೊರಟದ್ದೇ ತಡ, ಅದು ನಡುಗಿದ ಹಾಗಾಯಿತು. ತಡಬಡ ತೆಗೆದು ನೋಡಿದರೆ ಕರೆಯೇ ಇಲ್ಲ. ಪುನಃ ನಡುಗಿತು, ಪುನಃ ತೆಗೆದೆ, ಪುನಃ ಇಲ್ಲ. ಪಕ್ಕದಲ್ಲಿ ಕೂತಿದ್ದವರು ಲಾಯಿಲದ ಮಗಳ ಮನೆಗೆ ಹೊರಟಿದ್ದ ಒಬ್ಬ ಬ್ಯಾರಿ ಅಜ್ಜಿ. ಅವರು ಎಷ್ಟು ಹೊತ್ತು ಅಂತ ಸಹಿಸಿಯಾರು? ಎಂತ ಹುಡುಕುವುದು ಅಂತ ಕೇಳಿಯೇಬಿಟ್ಟರು.

ಕೇಳಿದರೆ ಸಾಕಲ್ಲ, ನಾನು ಪಾಠಕ್ಕೆ ಸುರು. ಫೋನ್ ಬರ್ತದೆ ಬರ್ತದೆ ಅಂತ ಕಾಯ್ತಾ ಇದ್ದರೆ ಮನಸ್ಸು ಮೈಯನ್ನು ಅದಕ್ಕೇ ಸಜ್ಜು ಮಾಡಿಡ್ತದೆ. ಬಸ್ಸು ಸ್ವಲ್ಪ ಅಲುಗಿದರೂ ಅದನ್ನು ಫೋನ್ ಅಂತಲೇ ತಿಳಿಯುತ್ತದೆ. ಇದು ಬರೀ ಭ್ರಮೆ, ಇದಕ್ಕೆ ಮಂಡೆಬಿಸಿ ಮಾಡಿಕೊಳ್ಳಬಾರದು ಅಂತೆಲ್ಲ ವಿವರಿಸಿದೆ. ದುಬೈಯಲ್ಲಿರುವ ಮಗನ ಫೋನ್ ಕಾಯುವಾಗ ತನಗೂ ಹಾಗೇ ಆಗ್ತದೆ ಅಂತ ಅಜ್ಜಿ ತಲೆದೂಗಿದರು. ನನಗೆ ಭಾರೀ ಸಂತೋಷವಾಯಿತು.

ಸ್ವಲ್ಪ ಹೊತ್ತು ಕಳೆದು ಅಜ್ಜಿ ಮೆಲ್ಲ ನನ್ನ ತೋಳು ಮುಟ್ಟಿದರು. "ಟೀಚರೇ, ನಿಮ್ಮ ಬ್ಯಾಗ್ ನಡುಗ್ತಾ ಉಂಟು."

"ನೋಡಿದಿರಾ ಅಜ್ಜಿ? ನಾನು ಹೇಳಿದ ಭ್ರಮೆ ಈಗ ನಿಮಗೂ ಬಂತು," ಅಂದೆ.

ಬಸ್ಸಿಳಿದು ನೋಡ್ತೇನೆ, ಸಂಚಾಲಕರ ಮಿಸ್ಡ್ ಕಾಲ್ ಸಾಲಾಗಿ ಕೂತಿವೆ! ಗಡಿಬಿಡಿಯಲ್ಲಿ ತಿರುಗಿ ಫೋನ್ ಮಾಡಿ, ಕ್ಷಮಿಸಿ ಸರ್, ನಿಮ್ಮನ್ನು ಭ್ರಮೆ ಅಂತ ತಿಳಿದೆ, ಅಂದುಬಿಟ್ಟೆ. ಅವರು ತಮ್ಮ ನಿಧಾನದ ಕನ್ನಡದಲ್ಲಿ ಹೇಳಿದರು, "ಇಲ್ಲ ಮೇಡಂ. ನಾನು ಇದ್ದೇನೆ."

ನೀರಿಗೆ ಬಂದ ವಾಸನೆ

ಪಾಠಕ್ಕೆ ಮುಂದಿನ ತಿಂಗಳಿನ ಒಂದು ದಿನ ಗೊತ್ತು ಮಾಡಿದರು. ಭ್ರಮೆಯ ಕಥೆ ಆದ ಮೇಲೆ ಪಾಠವಾದರೂ ಜೋರಾಗಿರಬೇಕಲ್ಲ. ಮೊದಲು ಉಳಿದ ಎರಡು ಕಾಲೇಜಿನಲ್ಲಿ ಪ್ರಯೋಗ ಮಾಡಿ ನೋಡುವ ಅಂತ ಹೊರಟೆ.

ಬೆಳ್ತಂಗಡಿಯಲ್ಲಿ ಮೂಗಿನ ಪ್ರಯೋಗ. ಒಂದು ಬಾಟಲಿಯಲ್ಲಿ ಬಾವಿಯ ನೀರು ತುಂಬಿಸಿ, ಮೂಗಿಗೆ ಕರವಸ್ತ್ರ ಕಟ್ಟಿ, ಇದು ಗ್ಯಾಸಿನಂಥ ಘಾಟು ವಾಸನೆಯ ದ್ರವ, ವಾಸನೆ ಮುಟ್ಟಿದವರು ಕೈಯೆತ್ತಿ ಅಂತ ಮುಚ್ಚಳ ತೆಗೆದೆ. ಮೊದಲ ಬೆಂಚಿನ ಕೈ ಎದ್ದಿತು, ನಂತರ ನಡುವಿನದ್ದು, ಕೊನೆಗೆ ಹಿಂದಿನ ಬೆಂಚಿನದ್ದೂ. ಒಬ್ಬಳಿಗೆ ತಲೆನೋವೂ ಬಂತು. ಬರ್ತದೆ ಅಂತ ನಂಬಿದ ವಾಸನೆ ಮೂಗಿಗೆ ಬಂದೇ ಬರ್ತದೆ ಅಂತ ವಿವರಿಸಲಿಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ, ಕಾರಿಡಾರಿನಲ್ಲಿ ಹೋಗ್ತಿದ್ದ ಪ್ರಾಂಶುಪಾಲರು ಕೈಯೆತ್ತಿದ ಮಕ್ಕಳನ್ನೂ ನನ್ನ ಕರವಸ್ತ್ರವನ್ನೂ ನೋಡಿದರು. ಗ್ಯಾಸ್ ಲೀಕ್ ಅಂತ ಒಂದು ಬೊಬ್ಬೆ ಹಾಕಿದರು ನೋಡಿ, ಇಡೀ ಕಾಲೇಜು ಅಂಗಳದಲ್ಲಿ.

ಸರ್, ಅದು ನೀರು, ಬರೀ ನೀರು ಅಂತ ನಾನು ಹಿಂದೆ ಹಿಂದೆ ಓಡಿದೆ. ತನಗೆ ಮೂಗು ಉಂಟು ಅಂತ ಅವರು ನನಗೇ ಜೋರು ಮಾಡಿದರು. ಬಾಟಲಿ ಎತ್ತಿ ಗಟಗಟ ಕುಡಿದು ತೋರಿಸಿದೆ. ಅದನ್ನು ಕಂಡು ತಲೆನೋವಿನ ಹುಡುಗಿ ಅಳಲಿಕ್ಕೆ ಸುರು ಮಾಡಿದಳು. ಕೊನೆಗೆ ಕ್ಯಾಂಟೀನಿನವರು ಒಲೆಯ ಮೇಲಿದ್ದ ನೀರುದೋಸೆಯನ್ನು ಬಿಟ್ಟು, ಸಿಲಿಂಡರಿನ ಬುಡದಲ್ಲಿ ಕೂತು ಏನೋ ಕೆಲಸ ಮಾಡಿ, ಬೆವರು ಒರೆಸಿಕೊಳ್ತಾ ಬಂದರು. "ಹೊಸ ವಾಷರ್ ಹಾಕಿದೆ ಸರ್. ಈಗ ನೋಡಿ, ಮೇಡಂನವರ ಕ್ಲಾಸಿನಲ್ಲಿಯೂ ವಾಸನೆ ಇಲ್ಲ."

ಪಿತ್ತ ಇಳಿಸಿದ ಶರಬತ್ತು

ಮೂಗಿನ ಸಹವಾಸ ಸಾಕಾಯಿತು. ಬಂಟ್ವಾಳದಲ್ಲಿ ನಾಲಿಗೆಯ ಪ್ರಯೋಗ, ಅದೂ ಸ್ಟಾಫ್ ರೂಮಿನಲ್ಲಿ ಮಾತ್ರ. ಮನೆಯಿಂದ ಲಿಂಬೆ ಶರಬತ್ತು ಮಾಡಿಕೊಂಡು ಹೋದೆ. ಅದಕ್ಕೆ ಕೇಕಿಗೆ ಹಾಕುವ ಕೆಂಪು ಬಣ್ಣ ಬೆರೆಸಿ, ಎಂತ ಅಂತ ಹೇಳದೆ ಹಂಚಿದೆ. ನಮ್ಮ ಊರಿನವರಿಗೆ ಕೆಂಪು ಶರಬತ್ತು ಕಂಡರೆ, ಪಿತ್ತಕ್ಕೆ ಒಳ್ಳೆಯದು ಅಂತ ಮನೆಮನೆಯಲ್ಲಿ ಕುಡಿಯುವ ಪುನರ್ಪುಳಿ ಹಣ್ಣಿನ ಹೆಸರು ಬಿಟ್ಟು ಮತ್ತೊಂದು ಬಾಯಿಗೆ ಬರ್ತದಾ? ಪುನರ್ಪುಳಿ ಭಾರೀ ಲಾಯ್ಕಾಗಿದೆ ಅಂತ ಎಲ್ಲರೂ ಹೊಗಳಿದರು. ನಾಲಿಗೆಗಿಂತ ಮೊದಲು ಕಣ್ಣೇ ರುಚಿ ನೋಡ್ತದೆ ಅಂತ ನಾನು ಒಳಗೊಳಗೇ ಕುಣಿದೆ.

ಅಲ್ಲಿ ರಸಾಯನಶಾಸ್ತ್ರದ ಒಬ್ಬ ಹಿರಿಯರಿದ್ದಾರೆ. ಪ್ರಯೋಗಶಾಲೆಯಲ್ಲಿ ನೋಡದೆ ಏನನ್ನೂ ನಂಬುವವರಲ್ಲ. ಅವರು ಎರಡು ಲೋಟ ಕುಡಿದು, ಇದು ಒಣಸಿಪ್ಪೆಯದ್ದಲ್ಲ, ತಾಜಾ ಹಣ್ಣಿನದ್ದೇ ಅಂತ ಸರ್ಟಿಫಿಕೇಟ್ ಕೊಟ್ಟರು. ಬೆಳಿಗ್ಗೆಯಿಂದ ಪಿತ್ತ ಏರಿ ತಲೆ ಸುತ್ತುತ್ತಿತ್ತಂತೆ, ಈಗ ಪೂರ್ತಿ ಇಳಿಯಿತಂತೆ. ನನಗೆ ನಗು ತಡೆಯಲಿಕ್ಕಾಗಲಿಲ್ಲ, ಗುಟ್ಟು ಹೇಳಿಬಿಟ್ಟೆ. ಎಲ್ಲರೂ ನಕ್ಕರು. ಅವರು ಮಾತ್ರ ಲೋಟ ಕೆಳಗಿಟ್ಟು ಹಣೆ ಒತ್ತಿಕೊಂಡರು.

"ಹೇಳಬಾರದಿತ್ತು ಮಾರಾಯ್ರೆ," ಅಂದರು. "ಪುನಃ ಏರಿತು."

ಹುಲಿ ಬಂತು ಹುಲಿ

ಮೂಗು, ನಾಲಿಗೆ ಎರಡೂ ಕೈಕೊಟ್ಟವು. ಇನ್ನು ಉಳಿದದ್ದು ಕಣ್ಣು. ಮನುಷ್ಯ ಒಂದರ ಮೇಲೆ ಗಮನ ಇಟ್ಟರೆ ಎದುರಿಗೇ ಇರುವ ಮತ್ತೊಂದು ಕಾಣುವುದಿಲ್ಲ ಅಂತ ತೋರಿಸುವ ಪ್ರಯೋಗ. ಕೆಲವು ಮಕ್ಕಳು ಒಬ್ಬರಿಂದೊಬ್ಬರಿಗೆ ಚೆಂಡು ಎಸೆಯುವುದು, ನೋಡುವವರು ಎಷ್ಟು ಎಸೆತ ಅಂತ ಲೆಕ್ಕ ಹಾಕುವುದು. ನಡುವೆ ನನ್ನ ಒಬ್ಬಳು ವಿದ್ಯಾರ್ಥಿನಿ, ದಸರೆಗೆ ಹುಲಿವೇಷ ಹಾಕುವ ಅಣ್ಣನ ಹುಲಿಮುಖವಾಡ ಕಟ್ಟಿಕೊಂಡು ಎರಡು ಹೆಜ್ಜೆ ಕುಣಿದು ಹೋಗುವುದು. ಲೆಕ್ಕದಲ್ಲಿ ಮುಳುಗಿದವರಿಗೆ ಹುಲಿ ಕಾಣಬಾರದು.

ಮೂಡುಬಿದಿರೆ, ಪಾಠದ ದಿನ. ಮೊದಲ ಸಾಲಿನಲ್ಲಿ ಸಂಚಾಲಕರಿಗೆ ಅಂತ ಟವೆಲ್ ಹಾಸಿದ ಕುರ್ಚಿ. ಬೆಲ್ಲಾದರೂ ಅವರ ಸುಳಿವಿಲ್ಲ. ಸುರು ಮಾಡಿ, ಬರ್ತಾರೆ ಅಂದರು ಅಲ್ಲಿಯ ಪ್ರಾಂಶುಪಾಲರು. ಈ ಒಂದು ಪಾಠ ಕೆಟ್ಟರೆ ಪುನಃ ಅದೇ ಮೂರು ಊರು, ಅದೇ ಬಸ್ಸು. ಚೆಂಡು ಹಾರಲಿಕ್ಕೆ ಸುರುವಾಯಿತು. ನನ್ನ ಕಣ್ಣು ಕಿಟಕಿಯ ಆಚೆ ಗೇಟಿನ ಮೇಲೆ, ಅವರ ಬಿಳಿ ಕಾರು ಬಂತಾ, ಬಂತಾ ಅಂತ. ಕಾರು ಬರಲೇ ಇಲ್ಲ.

ಪ್ರಯೋಗ ಮುಗಿಯಿತು. ಎಸೆತದ ಲೆಕ್ಕ ಕೇಳಿದೆ, ಎಲ್ಲರೂ ಹೆಮ್ಮೆಯಿಂದ ಹೇಳಿದರು. ಹುಲಿಯನ್ನು ಯಾರು ನೋಡಿದಿರಿ ಅಂದೆ. ಯಾವ ಹುಲಿ ಅಂತ ಮುಖ ಮುಖ ನೋಡಿಕೊಂಡರು. ಪ್ರಯೋಗ ಗೆದ್ದಿತ್ತು! ಆ ಹುಮ್ಮಸ್ಸಿನಲ್ಲಿ ನಾನು ಚೆನ್ನಾಗಿಯೇ ಕೊರೆದೆ. ಅಷ್ಟು ದೊಡ್ಡ ಪ್ರಾಣಿ ಮೂಗಿನ ಎದುರು ಹೋದರೂ ಕಾಣದ ನಾವು ಎಂಥ ಕುರುಡರು, ಕಣ್ಣಿದ್ದರೆ ಸಾಲದು, ಗಮನ ಬೇಕು ಅಂತೆಲ್ಲ.

ಆಗ ಹಿಂದಿನ ಬೆಂಚಿನಿಂದ ಒಂದು ನಿಧಾನದ ಸ್ವರ ಕೇಳಿತು. "ಮೇಡಂ, ಹುಲಿಯ ಹಿಂದೆಯೇ ನಾನೂ ಬಂದೆ. ನನ್ನನ್ನು ಯಾರಾದರೂ ನೋಡಿದರಾ?"

ಸಂಚಾಲಕರು! ಕಾರು ಗ್ಯಾರೇಜಿನಲ್ಲಿತ್ತಂತೆ. ರಿಕ್ಷಾದಲ್ಲಿ ಹಿಂದಿನ ಗೇಟಿನಿಂದ ಬಂದು, ಪಕ್ಕದ ಬಾಗಿಲಿನಿಂದ ಒಳಗೆ ನುಗ್ಗಿ, ಚೆಂಡು ತಪ್ಪಿಸಿಕೊಂಡು ನಮ್ಮೆಲ್ಲರ ಎದುರೇ ಹಾದುಹೋಗಿದ್ದರು. ನನಗೆ ನಮಸ್ಕಾರ ಬೇರೆ ಮಾಡಿದ್ದರಂತೆ. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಅವರು ಮಾತ್ರ ಯೋಚಿಸ್ತಾ ಎದ್ದು, "ಮನೆಯಲ್ಲಿಯೂ ನನಗೆ ಹೀಗೇ ಆಗ್ತದೆ. ಅದಕ್ಕೆ ಶಾಸ್ತ್ರೀಯ ಕಾರಣ ಉಂಟು ಅಂತ ಇವತ್ತು ಗೊತ್ತಾಯಿತು. ಫೋನ್ ಮಾಡ್ತೇನೆ," ಅಂತ ಹೊರಟೇಹೋದರು.

ದಾರಿಗೆ ಅಡ್ಡ ನಿಂತವರು

ಮತ್ತೆ ಕಾಯುವುದು. ಈ ಸಲ ಫೋನ್ ಬ್ಯಾಗಿಗೆ ಹೋಗಲೇ ಇಲ್ಲ. ಊಟದಲ್ಲಿ ಎಡಗೈಯಲ್ಲಿ, ಪಾಠದಲ್ಲಿ ಮೇಜಿನ ಮೇಲೆ, ಮಲಗುವಾಗ ತಲೆದಿಂಬಿನ ಪಕ್ಕ. ಬಸ್ಸು ಅಲುಗಿದರೂ ಹಲೋ ಸರ್ ಅಂತೇನೆ, ಮನೆಯಲ್ಲಿ ಮಿಕ್ಸಿ ತಿರುಗಿದರೂ ಹಲೋ ಸರ್ ಅಂತೇನೆ. ಗಂಡನಿಗೆ ನನ್ನ ಕಾಟ ಸಾಕುಸಾಕಾಗಿತ್ತು.

ಒಂದು ಸಂಜೆ ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಫೋನನ್ನೇ ನೋಡ್ತಾ ನಡೀತಿದ್ದೆ. ಯಾರೋ ಮೇಡಂ, ಮೇಡಂ ಅಂತ ಕರೆದರು. ಬಸ್ಸಿನ ಹುಡುಗರೇ ಇರಬೇಕು ಅಂತ ತಿರುಗಲಿಲ್ಲ. ಆ ಮನುಷ್ಯ ಸೀದಾ ಬಂದು ಎದುರಿಗೇ ನಿಂತರು. ನನಗೆ ಕಂಡದ್ದು ಎರಡು ಚಪ್ಪಲಿ ಮಾತ್ರ. ತಲೆಯೆತ್ತದೆ ಹೇಳಿದೆ, "ಸ್ವಲ್ಪ ದಾರಿ ಬಿಡಿ ಮಾರಾಯ್ರೆ. ನನಗೆ ಸಂಚಾಲಕರ ಫೋನ್ ಬರಲಿಕ್ಕುಂಟು."

ಚಪ್ಪಲಿ ಅಲುಗಲಿಲ್ಲ. ತಲೆಯೆತ್ತಿದೆ. ಅವರೇ!

"ಮೇಡಂ, ಫೋನ್ ಮಾಡಿದರೆ ನೀವು ಭ್ರಮೆ ಅಂತೀರಿ. ಎದುರಿನಲ್ಲಿ ನಡೆದರೆ ಕಾಣುವುದಿಲ್ಲ. ಈಗ ಮುಂದೆ ನಿಂತರೆ ದಾರಿ ಬಿಡಿ ಅಂತೀರಿ," ಅಂದರು ಅವರು, ಒಂದೊಂದೇ ಮಾತನ್ನು ಅಳೆದು. "ಕೆಲಸ ನಿಮಗೇ ಅಂತ ತೀರ್ಮಾನ ಆಗಿದೆ."

ನಾನು ಫೋನ್ ಸಮೇತ ಕೈಮುಗಿದೆ. ಅಷ್ಟರಲ್ಲಿ ಅವರು ಮುಂದುವರಿಸಿದರು.

"ಆದರೆ ಆರ್ಡರನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸ್ತೇನೆ. ಪೋಸ್ಟ್‌ಮ್ಯಾನ್ ಬಂದಾಗ ಮನೆಯಲ್ಲಿ ನಿಮ್ಮ ಯಜಮಾನರನ್ನು ಇರಲಿಕ್ಕೆ ಹೇಳಿ."