ಹಿಂದಿನಿಂದ ಬಾರದ ರೈಟ್

ಕಳೆದ ವರ್ಷ ದೀಪಾವಳಿ ಮುಗಿದ ಮೊದಲ ಸೋಮವಾರ, ಚಿತ್ರದುರ್ಗದ ಡ್ರೈವಿಂಗ್ ಟೆಸ್ಟ್ ಮೈದಾನದಲ್ಲಿ ನಮ್ಮ ಅತ್ತಿಗೆ ಬಸ್ಸಿನ ಸ್ಟಿಯರಿಂಗ್ ಹಿಡಿದು ಕೂತರು, ಇಂಜಿನ್ ಚಾಲೂ ಮಾಡಿದರು, ಗೇರ್ ಹಾಕಿದರು, ಆಮೇಲೆ ಕದಲಲೇ ಇಲ್ಲ. ಫಲಿತಾಂಶ: ಫೇಲ್. ಒಂದಡಿಯೂ ಬಸ್ಸು ಓಡಿಸದೆ ಇಡೀ ಮನೆಯವರ ಬಿಪಿ ಏರಿಸಿದ ಚಾಲಕಿ ಈ ಜಿಲ್ಲೆಯಲ್ಲಿ ಇವರೊಬ್ಬರೇ ಇರಬೇಕು!

ಅತ್ತಿಗೆ ಹೊಸದುರ್ಗದಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್. ಒಳ್ಳೆಯ ಹೆಸರಿತ್ತು. ಅಷ್ಟಕ್ಕೆ ಸುಮ್ಮನಿರಬಹುದಿತ್ತಲ್ಲ? ಇಲ್ಲ, ಡ್ರೈವರ್ ಆಗಬೇಕು!

"ಟಿಕೆಟ್ ಹರಿಯಾಕೆ ಏನಾಗೈತೆ ನಿಂಗೆ?" ಎಂದಳು ನಮ್ಮವ್ವ. "ಅಷ್ಟೂ ಜನರ ಜೀವ ಕೈಯಾಗೆ ಹಿಡ್ಕಂಡು ಹೋಗೋ ಕೆಲಸ ಬ್ಯಾಡವ್ವ."

"ಇಷ್ಟು ವರ್ಷ ಬಸ್ಸಿನಾಗೆ ನಿಂತ್ಕಂಡೇ ಹೋಗೀನಿ ಅತ್ತೆ. ಇನ್ಮೇಲೆ ಕುಂತ್ಕಂಡು ಹೋಗ್ತೀನಿ. ಎಲ್ಲರಿಗಿಂತ ಮುಂದಿನ ಸೀಟು!"

ಅಭ್ಯಾಸ ಅಡುಗೆಮನೆಯಲ್ಲೇ ಆರಂಭವಾಯಿತು. ಸ್ಟೂಲೇ ಸೀಟು, ತಟ್ಟೆಯೇ ಸ್ಟಿಯರಿಂಗ್, ಲಟ್ಟಣಿಗೆಯೇ ಗೇರು. ಒಮ್ಮೆ ಅವ್ವ ಹಿಟ್ಟು ನಾದಿಟ್ಟುಕೊಂಡು, "ಲಟ್ಟಣಿಗೆ ಕೊಡೇ, ಚಪಾತಿ ಮಾಡಬೇಕು" ಎಂದರೆ, "ತಡೀರಿ ಅತ್ತೆ, ಇಳಿಜಾರಿನಾಗೆ ಅದೀನಿ. ಈಗ ಗೇರ್ ಕಿತ್ರೆ ಬಸ್ಸು ನಿಲ್ಲಲ್ಲ!" ಎಂದರು ಅತ್ತಿಗೆ. ಆ ರಾತ್ರಿ ನಾವು ಅನ್ನ ಉಂಡೆವು.

ಇಷ್ಟೆಲ್ಲ ಕಲಿತವರು ಟೆಸ್ಟಿನ ದಿನ ಕದಲಲಿಲ್ಲವೇಕೆ? ಸ್ಥಳದಲ್ಲಿ ನಾನೂ ಇದ್ದೆ. ನಡೆದದ್ದು ಇಷ್ಟು. ಇನ್‌ಸ್ಪೆಕ್ಟರ್ "ಹೋಗ್ರಿ" ಎಂದರು. ಅತ್ತಿಗೆ ಕನ್ನಡಿ ನೋಡುತ್ತ ಕೂತರು.

"ಬಿಡ್ರಿ ಮೇಡಂ ಗಾಡಿ! ಏನ್ ಕಾಯ್ತಿದೀರಿ?"

"ಹಿಂದಿಂದ ರೈಟ್ ಬರ್ಲಿಲ್ಲ ಸಾರ್."

"ಹಿಂದೆ ಯಾರಿದ್ದಾರ್ರಿ?"

"ಯಾರೂ ಇಲ್ಲ ಸಾರ್. ಅದೇ ಭಯ!"

ಕಂಡಕ್ಟರ್ ರೈಟ್ ಎನ್ನದೆ ಬಸ್ಸು ಹೊರಡಬಾರದು. ಅದು ಅವರ ಧರ್ಮ. ಆದರೆ ಆ ರೈಟ್ ಹೇಳಬೇಕಾದವರೇ ಎದ್ದುಹೋಗಿ ಸ್ಟಿಯರಿಂಗ್ ಹಿಡಿದರೆ?

ಬಸ್ಸು ಹತ್ತಿ ಮನೆಗೆ ಬಂದ ಅತ್ತಿಗೆ ಹೊಸ್ತಿಲಲ್ಲೇ ನಿಂತು, "ನನ್ ಕೈಲಿ ಆಗಲ್ವೇನಪ್ಪ?" ಎಂದರು. ಅವ್ವನಿಗೆ ಒಳಗೊಳಗೇ ನೆಮ್ಮದಿಯಾದಂತಿತ್ತು. ಆ ನೆಮ್ಮದಿ ಒಂದೇ ದಿನ ಬಾಳಿತು.

ಮರುದಿನದಿಂದ ಅತ್ತಿಗೆ ಎಲ್ಲಕ್ಕೂ ತಾವೇ ರೈಟ್ ಹೇಳಿಕೊಳ್ಳತೊಡಗಿದರು. ಒಲೆ ಹಚ್ಚುವ ಮುನ್ನ ರೈಟ್, ಹೊಸ್ತಿಲು ದಾಟುವ ಮುನ್ನ ರೈಟ್! ಪಕ್ಕದ ಮನೆಯಾಕೆ ಅವ್ವನನ್ನು ಕರೆದು, "ಸೊಸೆಗೆ ತಾಯತ ಕಟ್ಟಿಸ್ರಿ" ಎಂದು ಪಿಸುಗುಟ್ಟಿದಳು. ಎರಡನೇ ಟೆಸ್ಟಿನಲ್ಲಿ ಅತ್ತಿಗೆಯ ತುಟಿ ಅಲುಗಿದ್ದು ಕಂಡಿತು. ಬಸ್ಸೂ ಅಲುಗಿತು. ಪಾಸಾದರು. ಆಮೇಲೆ ತರಬೇತಿ, ಡಿಪೋದ ಪರೀಕ್ಷೆ, ಎಲ್ಲ ಮುಗಿದವು.

ಮೊನ್ನೆ ಗುರುವಾರ ಬೆಳಿಗ್ಗೆ ಅವರು ಹೊಸದುರ್ಗದಿಂದ ಚಿತ್ರದುರ್ಗಕ್ಕೆ ತಮ್ಮ ಮೊದಲ ಬಸ್ಸು ಹೊರಡಿಸಿದರು. ನಾನೂ ಹತ್ತಿದೆ. ನೋಡಿದರೆ, ಯಾರಿಗೂ ಹೇಳದೆ ಅವ್ವ ಮೊದಲೇ ಹತ್ತಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಎರಡೂ ಕೈಯಿಂದ ಕಂಬಿ ಹಿಡಿದು ಕೂತಿದ್ದಳು. ಅಪ್ಪ ಇದೇ ರಸ್ತೆಯಲ್ಲಿ ಬಸ್ಸು ಉರುಳಿ ತೀರಿಕೊಂಡ ಮೇಲೆ ಅವಳು ಬಸ್ಸಿನಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ಕಂಡಿಲ್ಲ.

ಹೊಳಲ್ಕೆರೆ ದಾಟುವಷ್ಟರಲ್ಲಿ ಅವ್ವ ನಿದ್ದೆ ಹೋಗಿದ್ದಳು. ಚಿತ್ರದುರ್ಗದ ಸ್ಟ್ಯಾಂಡಿನಲ್ಲಿ ಅತ್ತಿಗೆಯೇ ಬಂದು ಎಬ್ಬಿಸಿದರು.