ಟೆಂಪೊ ಏರಿದ ಸೂರ್ಯಕಾಂತಿ

ಹೂವನ್ನು ಬಿಸಿಲಿಗೆ ಒಣಗಲಿಕ್ಕೆ ಇಡಬೇಕಿತ್ತು, ಅಷ್ಟೆ. ಕಲ್ಯಾಣಪುರದ ಭುಜಂಗನಿಗೆ ಅದಕ್ಕೆ ಸಿಕ್ಕಿದ ಜಾಗ ಮಾತ್ರ ದೂಮಪ್ಪನ ಟೆಂಪೊದ ನೆತ್ತಿ.

ಅವನ ತಪ್ಪು ಎಂದು ಹೇಳಲಿಕ್ಕೂ ಆಗುವುದಿಲ್ಲ ಬಿಡಿ. ಅಂಗಳದಲ್ಲಿಟ್ಟರೆ ಕೋಳಿ, ಮಾಡಿನ ಮೇಲಿಟ್ಟರೆ ಅಳಿಲು, ಹಿತ್ತಲಿನಲ್ಲಿಟ್ಟರೆ ಗಿಳಿ. ಪಕ್ಕದ ಮನೆಯ ದೂಮಪ್ಪನ ಟೆಂಪೊ ಓಣಿಯಲ್ಲಿ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ತೆಂಗಿನಕಾಯಿ ಹೇರಿಕೊಂಡು ಆದಿ ಉಡುಪಿಯ ಮಾರುಕಟ್ಟೆಗೆ ಹೋಗುವ ಆ ಗಾಡಿ ಮಧ್ಯಾಹ್ನದ ಊಟವಾಗದೆ ಹೊರಟದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಕ್ಯಾಬಿನ್ನಿನ ಮೇಲೆ ಒಂದು ಕ್ಯಾರಿಯರ್, ಅದರಲ್ಲಿ ಮಡಚಿಟ್ಟ ಟಾರ್ಪಾಲು. ಭುಜಂಗ ಅದರ ಮೇಲೆ ಹೂವನ್ನು ಮಗುವಿನ ಹಾಗೆ ಮಲಗಿಸಿದ. ಗಾಳಿಗೆ ಹಾರಬಾರದೆಂದು ಹಗ್ಗ ಬಿಗಿದ. ಆಮೇಲೆ ಸ್ನಾನಕ್ಕೆ ಹೋದ.

ಹೂವೆಂದರೆ ಸಣ್ಣ ಪುಟ್ಟದ್ದಲ್ಲ. ಅಕ್ಕಿ ಗೇರುವ ಗೆರಸೆಯಷ್ಟು ಅಗಲದ ಸೂರ್ಯಕಾಂತಿ. ಮಣಿಪಾಲದ ಸಸ್ಯಮೇಳದಿಂದ ತಂದ ಪೊಟ್ಟಣದಲ್ಲಿ ಇದ್ದದ್ದೇ ಐದು ಬೀಜ. ಮೂರನ್ನು ಬಸವನಹುಳ ಮುಗಿಸಿತು, ಒಂದನ್ನು ಇಲಿ. ಉಳಿದದ್ದೊಂದು ಹಟಕ್ಕೆ ಬಿದ್ದ ಹಾಗೆ ಹನ್ನೆರಡು ಅಡಿ ಬೆಳೆಯಿತು. ಪಾಗಾರದ ಗೋಡೆಯ ಆಚೆಮನೆಯ ಫೌಸ್ಟಿನ್ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಕತ್ತೆತ್ತಿ ನೋಡಿ, "ಭುಜಂಗಣ್ಣ, ಇದಕ್ಕೆ ಒಂದು ಬಲ್ಬ್ ಸಿಕ್ಕಿಸಿ. ಓಣಿಗೆ ಬೆಳಕಾದರೂ ಆಗಲಿ," ಎನ್ನುತ್ತಿದ್ದ.

ಭುಜಂಗನಿಗೆ ಬೇಕಾದದ್ದು ಬೆಳಕಲ್ಲ, ಬೀಜ. ವರ್ಷಗಳ ಹಿಂದೆ ಹುಬ್ಬಳ್ಳಿಯ ಬಸ್ಸಿನಲ್ಲಿ ಅವನ ಪಕ್ಕ ಒಬ್ಬರು ಕೂತಿದ್ದರು. ಅಂಗಿಯ ಜೇಬಿನಿಂದ ಒಂದೊಂದೇ ಸೂರ್ಯಕಾಂತಿ ಬೀಜ ತೆಗೆಯುವುದು, ಮುಂದಿನ ಹಲ್ಲಿನಲ್ಲಿ ಟಕ್ಕೆಂದು ಒಡೆಯುವುದು, ಕಿಟಕಿಯ ಹೊರಗೆ ನೋಡುವುದು. ಅರೆಬೈಲು ಘಾಟಿ ಬಂತು, ಯಲ್ಲಾಪುರ ಬಂತು, ಅವರ ಮುಖದ ಮೇಲಿನ ಆ ನೆಮ್ಮದಿ ಕದಲಲಿಲ್ಲ. ಮೂವತ್ತು ವರ್ಷ ರಿಪೇರಿ ಅಂಗಡಿಯಲ್ಲಿ ಬೇರೆಯವರ ಮಿಕ್ಸಿಗಳ ಗರ್ಜನೆ ಕೇಳಿ ಬದುಕಿದ ಭುಜಂಗನಿಗೆ ಆ ಟಕ್ ಎಂಬ ಸದ್ದು ಕಿವಿಯಲ್ಲೇ ಉಳಿಯಿತು. ತಾನೂ ಒಂದು ದಿನ ಜಗಲಿಯ ಕುರ್ಚಿಯಲ್ಲಿ ಕೂತು, ತಾನೇ ಬೆಳೆದ ಬೀಜ ಜೇಬಿಗೆ ತುಂಬಿ, ಯಾರ ಗೊಡವೆಯೂ ಇಲ್ಲದೆ ಟಕ್, ಟಕ್ ಎಂದು ಒಡೆಯಬೇಕು. ಅಂಗಡಿಯಲ್ಲಿ ಮಿಕ್ಸಿ ಬಿಚ್ಚಿಟ್ಟುಕೊಂಡೇ ಅವನು ಎಷ್ಟೋ ಸಲ ಆ ಜಗಲಿಗೆ ಹೋಗಿ ಬಂದದ್ದುಂಟು. ಗಿರಾಕಿಗಳು "ಭುಜಂಗಣ್ಣಾ" ಎಂದು ಎರಡು ಸಲ ಕರೆಯಬೇಕಾಗುತ್ತಿತ್ತು.

"ಬೀಜ ಬೇಕಾದರೆ ಮಣಿಪಾಲದ ಸೂಪರ್ ಮಾರ್ಕೆಟಿನಲ್ಲಿ ಉಂಟಲ್ಲ, ಸಿಪ್ಪೆ ತೆಗೆದದ್ದೇ ಉಂಟು," ಎಂದಿದ್ದಳು ಹೆಂಡತಿ ಅಪ್ಪಿ.

"ಸಿಪ್ಪೆ ತೆಗೆದರೆ ಮತ್ತೆಂತ ಉಳಿಯಿತು?" ಎಂದು ಭುಜಂಗ ನೊಂದು ಕೇಳಿದ್ದ. ಅಪ್ಪಿಗೆ ಅರ್ಥವಾಗಲಿಲ್ಲ. ಆದರೂ ನೀರು ಹಾಕುವುದನ್ನು ಒಂದು ದಿನವೂ ಬಿಡಲಿಲ್ಲ.

ಇವತ್ತು ಬೆಳಿಗ್ಗೆ ಹೂವಿನ ಬೆನ್ನು ಕಂದು ಬಣ್ಣಕ್ಕೆ ತಿರುಗಿತ್ತು. ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಭುಜಂಗ ಹತ್ತಿ, ಕೊಯ್ದು ಇಳಿಸಿದ. ಎರಡು ದಿನ ಬಿಸಿಲು ಬಿದ್ದರೆ ಸಾಕು, ಬೀಜ ಉದುರುತ್ತದೆ. ಮೈಗೆ ಸೋಪು ಹಚ್ಚಿಕೊಳ್ಳುತ್ತಾ ಅವನು ಉಪ್ಪುನೀರಿನಲ್ಲಿ ನೆನೆಸಿ ಹುರಿಯುವುದೋ, ಹಾಗೆಯೇ ತಿನ್ನುವುದೋ ಎಂದು ಯೋಚಿಸುತ್ತಿದ್ದಾಗ ಹೊರಗೆ ಟೆಂಪೊ ಸ್ಟಾರ್ಟ್ ಆದ ಸದ್ದು ಕೇಳಿತು.

ಒದ್ದೆ ಮೈಗೆ ಬೈರಾಸು ಸುತ್ತಿಕೊಂಡು ಓಡಿ ಬಂದರೆ ಓಣಿ ಖಾಲಿ. ಊಟ ಮಾಡದೆ ಹೊರಡುವವನಲ್ಲ ಎಂದು ಊರಿಡೀ ನಂಬಿದ್ದ ದೂಮಪ್ಪ ಇವತ್ತೇ ಬೆಳಿಗ್ಗೆ ಹೊರಟಿದ್ದ!

"ಯಾರದೋ ಮದುವೆಯ ಅರ್ಜೆಂಟ್ ಆರ್ಡರಂತೆ," ಎಂದ ಫೌಸ್ಟಿನ್, ಪಾಗಾರದ ಮೇಲಿನಿಂದ. "ನಿಮ್ಮ ಹೂ ಒಳ್ಳೆ ಕಿರೀಟದ ಹಾಗೆ ಕಾಣುತ್ತಿತ್ತು. ನಾನು ಟಾಟಾ ಮಾಡಿದೆ."

"ನಿಲ್ಲಿಸಬಾರದಿತ್ತಾ ಮಾರಾಯ್ರೇ?"

"ನೀವೇ ಕಳಿಸಿದ್ದು ಅಂತ ಮಾಡಿದೆ."

ದೂಮಪ್ಪನಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ಒಮ್ಮೆ ಪೊಲೀಸರು ಹಿಡಿದಂದಿನಿಂದ ಅವನು ಸ್ಟಿಯರಿಂಗ್ ಹಿಡಿದರೆ ದೇವರೇ ಕರೆದರೂ ಫೋನ್ ಮುಟ್ಟುವವನಲ್ಲ. ಫೌಸ್ಟಿನ್ ತನ್ನ ಸ್ಕೂಟರ್ ಹೊರಗೆ ತಂದ. ಸಹಾಯವೇನೋ ದೊಡ್ಡದೇ. ಆದರೆ ಫೌಸ್ಟಿನ್‌ಗೆ ಪರಿಚಯದವರನ್ನು ಕಂಡರೆ ಬ್ರೇಕ್ ತನ್ನಿಂದ ತಾನೇ ಬೀಳುತ್ತದೆ. ಸಂತೆಕಟ್ಟೆಯಲ್ಲಿ ಒಮ್ಮೆ ನಿಂತ, ಪೆಟ್ರೋಲಿಗೆ ಒಮ್ಮೆ ನಿಂತ, ನಿಟ್ಟೂರಿನಲ್ಲಿ ಹಳೆಯ ದೋಸ್ತಿಗೆ ಭುಜಂಗನ ಸಂಕಟವನ್ನು ಬೀಜ ಬಿತ್ತಿದಲ್ಲಿಂದ ಶುರುಮಾಡಿ ಹೇಳಿದ. ಆ ದೋಸ್ತಿ ಎಲ್ಲ ಕೇಳಿ, "ಹೂವನ್ನು ಗಿಡದಲ್ಲೇ ಒಣಗಿಸಬೇಕಿತ್ತು," ಎಂದು ತೀರ್ಪು ಕೊಟ್ಟ. ಹಿಂದೆ ಕೂತ ಭುಜಂಗನಿಗೆ ಇಬ್ಬರನ್ನೂ ಕಚ್ಚಿಬಿಡುವಷ್ಟು ಕೋಪ ಬಂತು.

ಅಷ್ಟರಲ್ಲಿ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಫೋಟೊ ಬಂದಿತ್ತು. ಕರಾವಳಿ ಜಂಕ್ಷನ್ನಿನಲ್ಲಿ ದೂಮಪ್ಪನ ಟೆಂಪೊ, ಒಳಗೆ ರಾಶಿ ತೆಂಗಿನಕಾಯಿ, ನೆತ್ತಿಯ ಮೇಲೆ ದೊಡ್ಡ ಹೂ. ಕೆಳಗೆ ಯಾರೋ ಬರೆದಿದ್ದರು: "ಇವತ್ತು ಯಾವ ದೇವಸ್ಥಾನಕ್ಕೆ ಹೊರೆಕಾಣಿಕೆ?" ಅದಕ್ಕೆ ಇಪ್ಪತ್ತೆರಡು ಜನ ಕೈಮುಗಿದಿದ್ದರು. ಭುಜಂಗ ಬೆರಳಿನಿಂದ ಹೂವನ್ನು ದೊಡ್ಡದು ಮಾಡಿ ನೋಡಿದ. ಹಗ್ಗ ಗಟ್ಟಿ ಇತ್ತು. ಜೀವ ಬಂತು.

ಆದಿ ಉಡುಪಿಯ ಮಾರುಕಟ್ಟೆ ತಲುಪಿದಾಗ ತೆಂಗಿನಕಾಯಿ ಇಳಿಸಿ ಆಗಿತ್ತು. ಕ್ಯಾರಿಯರ್ ಖಾಲಿ.

"ಅದು ನಿನ್ನ ಹೂವಾ?" ದೂಮಪ್ಪ ಬಾಯಿ ತೆರೆದ. "ನನ್ನ ಹೆಂಡತಿ ಗಾಡಿಗೆ ದೃಷ್ಟಿ ತಾಗಬಾರದು ಅಂತ ಕಟ್ಟಿದ್ದು ಅಂತ ಮಾಡಿದೆ ಮಾರಾಯ. ಟಾರ್ಪಾಲು ಇಳಿಸುವಾಗ ಹುಡುಗರು ಹಗ್ಗ ಬಿಚ್ಚಿದರು. ಆಮೇಲೆ ಎಂತ ಆಯಿತೋ ಗೊತ್ತಿಲ್ಲ."

ಹುಡುಕಾಟ ಶುರುವಾಯಿತು. ಭುಜಂಗ ಸೌತೆಕಾಯಿಯ ರಾಶಿ ನೋಡಿದ, ಖಾಲಿ ಗೋಣಿಗಳ ಅಡಿ ನೋಡಿದ, ಗಾಡಿಗಳ ಕೆಳಗೆ ಬಗ್ಗಿ ನೋಡಿದ. ಅಂಗಡಿಯವರೆಲ್ಲ ಬಂದು ಸುತ್ತ ನಿಂತರು. ಎಷ್ಟು ದೊಡ್ಡ ಹೂ ಎಂದು ಕೇಳಿದವರಿಗೆ ಫೌಸ್ಟಿನ್ ಎರಡು ಕೈ ಅಗಲಿಸಿ ತೋರಿಸುತ್ತಿದ್ದ, ಪ್ರತಿ ಸಲ ಅದು ಒಂದು ಗೇಣು ಬೆಳೆಯುತ್ತಿತ್ತು. ಮೂಲೆಯಲ್ಲಿ ಎರಡು ದನಗಳು ಏನನ್ನೋ ಮೆಲ್ಲುತ್ತಿದ್ದವು. ಭುಜಂಗ ಅವುಗಳ ಬಾಯಿಯನ್ನೂ ಬಗ್ಗಿ ನೋಡಿದ.

ಅವನು ತೆಂಗಿನಕಾಯಿ ರಾಶಿಯ ಮೇಲೆ ಕುಸಿದು ಕೂತು ಮನೆಗೆ ಫೋನ್ ಮಾಡಿದ.

"ಅಪ್ಪೀ... ಹೂ ಹೋಯಿತು."

"ಅಳುತ್ತಿದ್ದೀರಾ?"

"ಇಲ್ಲಪ್ಪ. ಇಲ್ಲಿ ಮೆಣಸಿನ ಘಾಟು."

ಅಪ್ಪಿ ಫೋನ್ ಇಟ್ಟುಬಿಟ್ಟಳು. ಐವತ್ತಮೂರು ವರ್ಷದ ಗಂಡಸು ಒಂದು ಹೂವಿಗಾಗಿ ಕಣ್ಣೊರೆಸಿಕೊಂಡದ್ದನ್ನು ದೂಮಪ್ಪ ನೋಡಿದ, ಪಾಪ ಅನಿಸಿತು. "ಕೊರಗಜ್ಜನಿಗೆ ಒಂದು ಚಕ್ಕುಲಿ ಹೇಳು ಮಾರಾಯ. ನನ್ನ ಗಾಡಿಯ ಕೀ ಎರಡು ಸಲ ಹುಡುಕಿಕೊಟ್ಟಿದ್ದಾನೆ ಅಜ್ಜ." ಭುಜಂಗ ಕಣ್ಣುಮುಚ್ಚಿ, ಕಳೆದದ್ದನ್ನು ಹುಡುಕಿಕೊಡುವ ಆ ದೈವಕ್ಕೆ, ಹೂ ಸಿಕ್ಕಿದರೆ ಒಂದು ಪೊಟ್ಟಣ ಚಕ್ಕುಲಿ, ಜೊತೆಗೆ ವೀಳ್ಯ ಎಂದು ಹರಕೆ ಹೇಳಿದ.

ಕಾಲು ಗಂಟೆ ಕಳೆದಿರಬಹುದು. ಚಾ ಕುಡಿದು ಬಂದ ಹಮಾಲಿ ಯಂಕಪ್ಪ ಗುಂಪನ್ನು ಸರಿಸಿ ಒಳಗೆ ಬಂದ. ಅವನು ಕೊಪ್ಪಳದ ಕಡೆಯವನು.

"ಏನ್ ಹುಡುಕಾಕತ್ತೀರಿ ಸಾಹೇಬ್ರ? ಸೂರ್ಯಕಾಂತಿ ತೆನಿ ಏನು?"

ಭುಜಂಗ ಎದ್ದು ಅವನ ಎರಡೂ ಕೈ ಹಿಡಿದುಕೊಂಡ.

"ದನ ಬಾಯಿ ಹಾಕಾಕ ಬಂದಿದ್ವು, ಅದಕ್ಕ ಎತ್ತಿ ಒಳಗ ಇಟ್ಟೇನ್ರಿ," ಎಂದ ಯಂಕಪ್ಪ. ಗೋದಾಮಿನ ಅಟ್ಟದ ಮೇಲೆ, ತನ್ನ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಹೂವನ್ನು ಇಳಿಸಿ ಕೊಟ್ಟ. "ನಮ್ಮೂರಾಗ ಹೊಲದ ತುಂಬ ಬೆಳಿತೀವಿ. ಆದ್ರ ಇಷ್ಟು ದೊಡ್ಡದು ನಾನೂ ನೋಡಿಲ್ಲ ಬಿಡ್ರಿ."

ಒಂದು ಬೀಜವೂ ಉದುರಿರಲಿಲ್ಲ. ಭುಜಂಗ ಯಂಕಪ್ಪನನ್ನು ಅಪ್ಪಿಕೊಂಡ, ದೂಮಪ್ಪನನ್ನು ಅಪ್ಪಿಕೊಂಡ, ಫೌಸ್ಟಿನ್ ತಾನಾಗಿ ಬಂದು ಅಪ್ಪಿಕೊಂಡ. ಬರುವಾಗ ಚಕ್ಕುಲಿ, ವೀಳ್ಯ ತೆಗೆದುಕೊಂಡು ಅಜ್ಜನ ಕಟ್ಟೆಯಲ್ಲಿಟ್ಟು ಕೈಮುಗಿದು, ಲೆಕ್ಕ ಚುಕ್ತಾ ಆಯಿತೆಂದುಕೊಂಡ. ಆ ದಿನ ಅಂಗಡಿ ತೆರೆಯಲೇ ಇಲ್ಲ.

ಸಂಜೆಯ ಬಿಸಿಲು ಜಗಲಿಗೆ ಬಂದಿತ್ತು. ಸ್ವರ್ಣಾ ನದಿಯ ಕಡೆಯಿಂದ ಸಣ್ಣಗೆ ಗಾಳಿ. ಭುಜಂಗ ಕುರ್ಚಿಯಲ್ಲಿ ಒರಗಿ, ಹೂವನ್ನು ತೊಡೆಯ ಮೇಲಿಟ್ಟುಕೊಂಡ. ಸುತ್ತು ಸುತ್ತಾಗಿ ಕೂತ ಕಪ್ಪು ಬಿಳಿ ಪಟ್ಟೆಯ ಬೀಜಗಳನ್ನು ನೋಡಿದಷ್ಟೂ ಮನಸ್ಸು ತಣ್ಣಗಾಯಿತು. ಪೂರ್ತಿ ಒಣಗಲು ಇನ್ನೆರಡು ದಿನ ಬೇಕು. ಒಂದನ್ನು ಈಗಲೇ ನೋಡಿದರೆ ಯಾರೇನು ಕೇಳುತ್ತಾರೆ? ನಡುವಿನಿಂದ ಒಂದು ಬೀಜ ಬಿಡಿಸಿ ಮುಂದಿನ ಹಲ್ಲಿನ ನಡುವೆ ಇಟ್ಟುಕೊಂಡ. ಓಣಿ, ಪಾಗಾರ, ಫೌಸ್ಟಿನ್ ಎಲ್ಲ ದೂರ ಸರಿದ ಹಾಗಾಯಿತು.

"ಅಯ್ಯೋ! ಬಾಯಿಗೆ ಹಾಕಿದಿರಾ? ತೆಗೆಯಿರಿ, ತೆಗೆಯಿರಿ!" ಅಪ್ಪಿ ಒಳಗಿನಿಂದ ಓಡಿ ಬಂದಳು. ಕೈಯಲ್ಲಿ ತೊಳೆದ ಹರಿವಾಣ.

"ಎಂತ ಆಯಿತು ಮಾರಾಯ್ತಿ?" ಬೀಜ ಕೈಗೆ ಬಂತು.

"ನಾನು ಅಜ್ಜನಿಗೆ ಹರಕೆ ಹೇಳಿದ್ದೇನೆ."

"ಚಕ್ಕುಲಿ ಇಟ್ಟಾಯಿತಲ್ಲ!"

"ಅದು ನಿಮ್ಮ ಹರಕೆ. ನನ್ನದು ಬೇರೆ. ಫೋನಿನಲ್ಲಿ ನಿಮ್ಮ ದನಿ ಕೇಳಿ ನನಗೆ ತಡೆಯಲಿಕ್ಕಾಗಲಿಲ್ಲ. ಚಕ್ಕುಲಿ ಎಲ್ಲರೂ ಹೇಳುತ್ತಾರೆ, ಅಜ್ಜನಿಗೆ ಅರ್ಜೆಂಟ್ ಅಂತ ಗೊತ್ತಾಗಬೇಕಲ್ಲ? ಅದಕ್ಕೆ, ಇವರ ಹೂ ಒಮ್ಮೆ ಇವರ ಕೈ ಸೇರಲಿ, ಅದರ ಬೀಜವೆಲ್ಲ ನಿನ್ನ ಕಟ್ಟೆಗೆ, ಊರವರಿಗೆ ಹಂಚುತ್ತೇವೆ, ಮನೆಯವರು ಒಂದನ್ನೂ ಮುಟ್ಟುವುದಿಲ್ಲ ಅಂತ ಹೇಳಿಬಿಟ್ಟೆ. ನೋಡಿ, ಕಾಲು ಗಂಟೆಯಲ್ಲಿ ಸಿಕ್ಕಿತು!"

ಅಪ್ಪಿಯ ಮುಖದ ತುಂಬ ಸಂತೋಷ. ಇಪ್ಪತ್ತೈದು ವರ್ಷದಲ್ಲಿ ಅವಳು ಅವನಿಗಾಗಿ ಇಷ್ಟು ದೊಡ್ಡ ಹರಕೆ ಹೇಳಿದ್ದು ಇದೇ ಮೊದಲು. ಅವನು ಹೂವನ್ನು ಎರಡೂ ಕೈಯಲ್ಲಿ ಎತ್ತಿ ಹರಿವಾಣದಲ್ಲಿಟ್ಟ. ಪಾಗಾರದ ಆಚೆಯಿಂದ ಫೌಸ್ಟಿನ್, "ಹಂಚುವುದು ಯಾವತ್ತು ಅಕ್ಕ?" ಎಂದು ಕೇಳಿಯೇ ಬಿಟ್ಟ.

"ಇದನ್ನು ಎಂತ ಮಾಡುವುದು?" ಭುಜಂಗ ಅಂಗೈಯಲ್ಲಿದ್ದ ಒಂದು ಬೀಜ ತೋರಿಸಿದ.

ಅಪ್ಪಿ ಯೋಚಿಸಿದಳು. "ಅದು ಎಂಜಲಾಯಿತಲ್ಲ, ಇನ್ನು ಅಜ್ಜನಿಗೆ ಕೊಡುವ ಹಾಗಿಲ್ಲ. ತಪ್ಪುಕಾಣಿಕೆ ಇಡುವ. ನೀವೇ ತಿನ್ನಿ."

ಭುಜಂಗ ಕುರ್ಚಿಯಲ್ಲಿ ಸರಿಯಾಗಿ ಒರಗಿದ. ಓಣಿಯ ಆಚೆ ತೆಂಗಿನ ಮರಗಳ ಮೇಲೆ ಇಳಿಯುತ್ತಿದ್ದ ಬಿಸಿಲನ್ನು ನೋಡುತ್ತಾ, ಇಷ್ಟು ವರ್ಷ ಕಾದದ್ದಕ್ಕೆ ಇದೊಂದೇ ಸಾಕು ಎಂದು ಮನಸ್ಸಿಗೆ ಹೇಳಿಕೊಂಡು, ಬೀಜವನ್ನು ಮುಂದಿನ ಹಲ್ಲಿನ ನಡುವೆ ಇಟ್ಟು ಕಚ್ಚಿದ. ಟಕ್ಕೆಂದಿತು.

ಒಳಗೆ ಏನೂ ಇರಲಿಲ್ಲ. ಜೊಳ್ಳು.